ಆಂಜೆಲಿಕ್‌ಳ ಮೊಮ್ಮಗ

ಲೈಬ್ರರಿಯ ಆ ಹಿರಿಯರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನ್ ಮಾಡಿ ತಿಳಿಸಿದಾಗ ನಾನು ವರ್ಜೀನಿಯಾದ ಆಲ್ಡಿಯ ನಮ್ಮ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. "ನಿದ್ದೆಯಲ್ಲೇ ಹೋದರು. ಅಪ್ಪನ ಫೋನಿನಲ್ಲಿ ನಿಮ್ಮ ಹೆಸರು ಏನೋ ವಿಚಿತ್ರವಾಗಿ ಇತ್ತು, ಅದಕ್ಕೇ ನಿಮಗೆ ತಿಳಿಸೋದು ತಡವಾಯಿತು" ಎಂದರು. ಏನೆಂದು ಇತ್ತು ಎಂದು ಕೇಳಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಫ್ನು ಉರುಫ್ ಭಾಗೀರಥಿ.

ಉರುಫ್ ಎಂಬ ಮಾತನ್ನು ಅವರಿಗೆ ಕಲಿಸಿದವಳು ನಾನೇ. ಫ್ನು ಎಂಬ ಹೆಸರನ್ನು ನನಗೆ ಇಟ್ಟದ್ದು ಮಾತ್ರ ಅಮೆರಿಕದ ಕಾಗದಪತ್ರಗಳು. ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಭಾಗೀರಥಿ ಎಂಬ ಒಂದೇ ಹೆಸರು. ಇಲ್ಲಿ ಎರಡು ಬೇಕು. ಇದ್ದ ಒಂದನ್ನು ಮನೆತನದ ಹೆಸರಿನ ಖಾನೆಗೆ ಹಾಕಿ, ಮೊದಲ ಹೆಸರಿನ ಖಾನೆಯಲ್ಲಿ ಎಫ್‌ಎನ್‌ಯು ಎಂದು ಬರೆದರು. 'ಮೊದಲ ಹೆಸರು ಗೊತ್ತಿಲ್ಲ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ವೀಸಾದಿಂದ ಅದು ಡ್ರೈವಿಂಗ್ ಲೈಸೆನ್ಸಿಗೆ ಬಂತು, ಲೈಸೆನ್ಸಿನಿಂದ ಡಾಕ್ಟರ ಆಫೀಸಿಗೆ, ಅಲ್ಲಿಂದ ಮಗಳ ಸ್ಕೂಲಿಗೆ. ಬಾಗಿಲಲ್ಲಿ ನಿಂತ ನರ್ಸ್ "ಫ್ನು?" ಎಂದು ಕೂಗಿದರೆ ಎದ್ದು ಹೋಗುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ನಮ್ಮ ಪರಿಚಯವಾದದ್ದು ಕೋವಿಡ್ ಸ್ವಲ್ಪ ತಗ್ಗಿ ಲೈಬ್ರರಿಗಳು ಮತ್ತೆ ತೆರೆದ ಕಾಲದಲ್ಲಿ. ನನ್ನ ವರ್ಕ್ ಪರ್ಮಿಟ್ಟಿನ ಅರ್ಜಿ ಎಲ್ಲೋ ಕಡತದಲ್ಲಿ ಸಿಕ್ಕಿಕೊಂಡಿತ್ತು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಹತ್ತಿರದ ಲೈಬ್ರರಿಯಲ್ಲಿ ವಾಲಂಟಿಯರ್ ಆಗಿ ಸೇರಿದೆ. ಬುಧವಾರ ಬೆಳಿಗ್ಗೆ ಅಲ್ಲಿ ಒಂದು ಮೇಜು ಹಾಕುತ್ತಿದ್ದರು. ತಮ್ಮ ಹಿರೀಕರು ಯಾರು, ಎಲ್ಲಿಂದ ಬಂದರು ಎಂದು ಹುಡುಕುವವರಿಗೆ ಸಹಾಯ ಮಾಡುವ ಮೇಜು. ಅದನ್ನು ನೋಡಿಕೊಳ್ಳುತ್ತಿದ್ದವರು ಅವರು. ನನ್ನ ಕೆಲಸ ಜೊತೆಗಿದ್ದು ಕಾಗದಗಳನ್ನು ಸ್ಕ್ಯಾನ್ ಮಾಡುವುದು.

ಮೊದಲ ದಿನ ನನ್ನ ಬ್ಯಾಜನ್ನು ಕನ್ನಡಕದ ಕೆಳಗಿನಿಂದ ನೋಡಿದರು. "ಫ್ನು. ಇದು ಹೆಸರೋ ಅಥವಾ ಯಾರೋ ಗುಮಾಸ್ತನ ಸೋಮಾರಿತನವೋ?"

ಮೂರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು. ನಿಜವಾದ ಹೆಸರು ಹೇಳಿದೆ. ಒಂದು ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು, ಮೂರು ಬುಧವಾರ ಬಾಯಿಪಾಠ ಮಾಡಿ, ನಾಲ್ಕನೆಯ ಬುಧವಾರ ಸರಿಯಾಗಿ ಕರೆದರು. ಅವರು ನನ್ನೊಡನೆ ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಉಳಿದಿರುವುದು ಮಾತ್ರ ಕನ್ನಡವಾಗಿ.

ಎಪ್ಪತ್ತೈದರ ಆಚೀಚಿನ ವಯಸ್ಸು. ಎತ್ತರದ ಆಳು, ಭುಜ ಸ್ವಲ್ಪ ಬಾಗಿತ್ತು. ಕಿವಿಯ ಹಿಂದೆ ಸದಾ ಪೆನ್ಸಿಲ್. ಪೆನ್ನು ಮುಟ್ಟುತ್ತಿರಲಿಲ್ಲ. "ಸತ್ತವರ ವಿಷಯದಲ್ಲಿ ಪೆನ್ನು ಬಳಸೋಷ್ಟು ಧೈರ್ಯ ನನಗಿಲ್ಲ" ಎನ್ನುತ್ತಿದ್ದರು. ಮೂವತ್ತೈದು ವರ್ಷ ಲ್ಯಾಂಡ್ ಸರ್ವೇಯರ್ ಆಗಿದ್ದವರು. ಈಗ ಸಾಲುಸಾಲು ಮನೆಗಳೆದ್ದಿರುವ ನಮ್ಮ ಕಡೆಯ ಹೊಲಗಳನ್ನು ಅಳೆದು ಗೂಟ ಹೊಡೆದವರಲ್ಲಿ ಅವರೂ ಒಬ್ಬರು. ಒಮ್ಮೆ ನಮ್ಮ ವಿಳಾಸ ಕೇಳಿ, ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿ, "ನಿಮ್ಮ ಅಡುಗೆಮನೆ ಇರೋ ಕಡೆ ಹಸುಗಳು ನೀರು ಕುಡಿಯೋ ಕುಂಟೆ ಇತ್ತು. ಬೇಸ್‌ಮೆಂಟಿನಲ್ಲಿ ನೀರು ಜಿನುಗುತ್ತಾ?" ಎಂದರು.

ಜಿನುಗುತ್ತಿತ್ತು. ಎರಡು ಸಲ ರಿಪೇರಿ ಮಾಡಿಸಿದ್ದೆವು.

ಮೇಜಿಗೆ ಬರುವವರನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ತಮ್ಮ ವಂಶ ಫ್ರಾನ್ಸಿನ ರಾಜರಿಗೆ ಸೇರಿದ್ದು ಎಂದು ಸಾಧಿಸಲು ಒಬ್ಬ ಹೆಂಗಸು ದೊಡ್ಡ ಫೈಲು ಹಿಡಿದು ಬಂದಿದ್ದರು. ಇವರು ಬಹಳ ವಿನಯದಿಂದ, "ಈ ಮೇಜಿನಲ್ಲಿ ಬರೀ ರೈತರು, ಬಡಗಿಗಳು ಸಿಗ್ತಾರೆ ಮೇಡಂ. ಕುಡುಕರೂ ಸಿಗಬಹುದು. ರಾಜರು ಬೇಕು ಅಂದ್ರೆ ನನ್ನ ಕೈಲಿ ಆಗಲ್ಲ" ಎಂದರು. ಇನ್ನೊಮ್ಮೆ, ತನ್ನ ಅಜ್ಜ ಯಾರ ಮಗನೆಂದು ತಾನು ತಿಳಿದಿದ್ದನೋ ಅವರ ಮಗನಲ್ಲ ಎಂಬುದು ಒಬ್ಬ ಗೃಹಸ್ಥನಿಗೆ ನಮ್ಮ ಎದುರಿಗೇ ಗೊತ್ತಾಯಿತು. ಆತನ ಮುಖ ಕಪ್ಪಿಟ್ಟಿತು. ಅವರು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದರು. "ಇವತ್ತಿಗೆ ಸಾಕು. ಮನೆಗೆ ಹೋಗಿ ಊಟ ಮಾಡಿ. ಇವರೆಲ್ಲ ಸತ್ತು ಬಹಳ ವರ್ಷ ಆಯಿತು. ಮುಂದಿನ ಬುಧವಾರದ ತನಕ ಎಲ್ಲೂ ಹೋಗಲ್ಲ."

ಮಧ್ಯಾಹ್ನ ನಾನು ಫ್ಲಾಸ್ಕಿನಲ್ಲಿ ತಂದ ಮೆಣಸಿನ ಸಾರನ್ನು ಕಾಫಿ ಕಪ್ಪಿನಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ಪ್ರತಿ ಸಲವೂ ಕೆಮ್ಮು ಬರುತ್ತಿತ್ತು, ಪ್ರತಿ ಸಲವೂ ಇನ್ನೊಂದು ಕಪ್ಪು ಕೇಳುತ್ತಿದ್ದರು.

ಅವರ ತಾಯಿಯ ಕಡೆಯವರು ಕೆನಡಾದ ಕೆಬೆಕ್ ಪ್ರಾಂತ್ಯದಿಂದ ಬಂದ ಫ್ರೆಂಚರು. ಹೊಲದಲ್ಲಿ ಹೊಟ್ಟೆ ತುಂಬದೆ, ಗಡಿ ದಾಟಿ, ಮ್ಯಾಸಚೂಸೆಟ್ಸ್ ಕಡೆಯ ಬಟ್ಟೆ ಮಿಲ್ಲುಗಳಲ್ಲಿ ಕೂಲಿಗೆ ಸೇರಿದವರು. ಇವರು ಹುಟ್ಟಿ ಬೆಳೆದದ್ದು ಅಂಥ ಒಂದು ಮಿಲ್ಲಿನ ಊರಿನಲ್ಲಿ. ಕೆಲಸವಿಲ್ಲದ ಹೊತ್ತಿನಲ್ಲಿ ಕೆಬೆಕ್ಕಿನ ಚರ್ಚುಗಳ ಹಳೆಯ ಪುಸ್ತಕಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನನಗೆ ಪಾಠ ಹೇಳುತ್ತಿದ್ದರು. ಒಂದು ಮನೆಯ ಹನ್ನೊಂದು ಮಕ್ಕಳ ನಾಮಕರಣದ ದಾಖಲೆ ತೋರಿಸಿದ್ದು ನೆನಪಿದೆ. ಗಂಡುಮಕ್ಕಳೆಲ್ಲ ಜೋಸೆಫ್. ಹೆಣ್ಣುಮಕ್ಕಳೆಲ್ಲ ಮರೀ.

"ಹೀಗಾದರೆ ಅಮ್ಮ ಊಟಕ್ಕೆ ಕರೆದಾಗ ಎಲ್ಲರೂ ಒಟ್ಟಿಗೆ ಓಡಿಬರ್ತಾರಲ್ಲ?" ಎಂದೆ.

ಅವರಿಗೆ ಅದು ಬಹಳ ಇಷ್ಟವಾಯಿತು. "ಮೊದಲನೇ ಹೆಸರು ದೇವರಿಗೆ. ಎರಡನೇದು ಚರ್ಚಿನಲ್ಲಿ ಮಗುವನ್ನ ಎತ್ತಿಕೊಂಡು ನಿಂತು ಅದರ ಹೊಣೆ ಹೊರೋ ಜ್ಞಾನಪಿತನದೋ ಜ್ಞಾನಮಾತೆಯದೋ. ಕೊನೇದು ಮಾತ್ರ ಮಗುವಿನದು, ಅಡುಗೆಮನೆಯಿಂದ ಕೂಗೋದು ಅದನ್ನೇ. ಅದು ಗೊತ್ತಿಲ್ಲದೆ ಹೋದರೆ ಕೆಬೆಕ್ಕಿನಲ್ಲಿ ಯಾವ ಹೆಂಗಸನ್ನೂ ಹುಡುಕೋಕೆ ಆಗಲ್ಲ. ಎಲ್ಲರೂ ಮರೀಗಳೇ." ಮಗು ತೀರಿಕೊಂಡರೆ ಅದರ ಹೆಸರನ್ನೇ ಮುಂದಿನದಕ್ಕೆ ಇಡುತ್ತಿದ್ದರಂತೆ. ಹೆಂಗಸರು ಮದುವೆಯಾದ ಮೇಲೂ ಸಾಯುವ ತನಕ, ಚರ್ಚಿನ ಪುಸ್ತಕದಲ್ಲಿ ಸತ್ತ ಮೇಲೂ, ತವರಿನ ಹೆಸರಿನವರೇ.

ನಾನು ನನ್ನ ಕಥೆ ಹೇಳಿದೆ. ನನಗೆ ಇಟ್ಟದ್ದು ಅಪ್ಪನ ತಾಯಿಯ ಹೆಸರು. ಅತ್ತೆಯ ಹೆಸರನ್ನು ಅಮ್ಮ ಬಾಯಲ್ಲಿ ಆಡುವ ಹಾಗಿರಲಿಲ್ಲ, ಹಾಗಾಗಿ ಮನೆಯಲ್ಲಿ ನಾನು ಪುಟ್ಟಿ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು "ಭಾಗೀರಥಿ" ಎಂದು ಹಾಜರಿ ಕೂಗಿದಾಗ, ಅಜ್ಜಿ ಬಂದಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದ್ದೆ.

ಅವರು ನಗಲಿಲ್ಲ. ಪೆನ್ಸಿಲ್ ತೆಗೆದು ಅದನ್ನು ಬರೆದುಕೊಂಡರು.

ಉರುಫ್ ಬಂದದ್ದು ಇನ್ನೊಂದು ಬುಧವಾರ. ಹಳೆಯ ಕಾಲದಲ್ಲಿ ಫ್ರಾನ್ಸಿನಿಂದ ಕೆನಡಾಕ್ಕೆ ಬಂದ ಸಿಪಾಯಿಗಳಿಗೆ ಪಡೆಯಲ್ಲಿ ಒಂದು ಅಡ್ಡಹೆಸರು ಇಡುತ್ತಿದ್ದರಂತೆ. ಒಬ್ಬ ಚಿಂತೆಯಿಲ್ಲದವನು, ಒಬ್ಬ ಬೆಂಕಿಯವನು, ಒಬ್ಬ ಹೂವಿನವನು. ಮುಂದೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಮೂಲದ ಹೆಸರನ್ನು ಇಟ್ಟುಕೊಂಡರು, ಕೆಲವರು ಅಡ್ಡಹೆಸರನ್ನು. ಅಣ್ಣನದು ಒಂದು, ತಮ್ಮನದು ಇನ್ನೊಂದು. ಪಾದ್ರಿಗಳು ಎರಡನ್ನೂ ಬರೆದು ನಡುವೆ 'ದೀ' ಎಂದು ಸೇರಿಸುತ್ತಿದ್ದರು. 'ಹಾಗೆಂದು ಕರೆಯುವ' ಎಂದು ಅರ್ಥ. "ಇದನ್ನ ಅಮೆರಿಕದವರಿಗೆ ಅರ್ಥ ಮಾಡಿಸೋಕೆ ಅರ್ಧ ಗಂಟೆ ಬೇಕು" ಎಂದರು.

"ನನಗೆ ಅರ್ಧ ಗಂಟೆ ಬೇಡ. ನಮ್ಮಲ್ಲಿ ಉರುಫ್ ಅಂತೀವಿ" ಎಂದೆ.

ನಮ್ಮಪ್ಪ ನಂಜನಗೂಡಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಪತ್ರ ಬರಹಗಾರರಾಗಿದ್ದರು. ಕ್ರಯಪತ್ರದಲ್ಲಿ 'ಸಿದ್ದಯ್ಯ ಉರುಫ್ ಕುಳ್ಳಯ್ಯ' ಎಂದು ಬರೆಯುವಾಗ ಉರುಫ್ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. "ಇದೊಂದು ಬಿಟ್ರೆ ನಾಳೆ ಇವನ ಮಕ್ಕಳು ಕೋರ್ಟು ಹತ್ತಬೇಕಾಗುತ್ತೆ ಕಣಮ್ಮ" ಎನ್ನುತ್ತಿದ್ದರು. ಇದನ್ನು ಹೇಳಿದಾಗ ಆ ಸರ್ವೇಯರ್ ಮುದುಕರ ಕಣ್ಣು ಅರಳಿದ್ದು ಈಗಲೂ ಕಾಣುತ್ತದೆ. "ಉರುಫ್, ಉರುಫ್" ಎಂದು ನಾಲ್ಕು ಸಲ ಹೇಳಿಕೊಂಡರು. ಅಂದಿನಿಂದ ಅವರ ಟಿಪ್ಪಣಿಗಳಲ್ಲೆಲ್ಲ 'ದೀ' ಹೋಗಿ ಉರುಫ್ ಬಂತು. ಅದನ್ನು ಓದಿದ ಲೈಬ್ರರಿಯವರು ಅದು ಫ್ರೆಂಚ್ ಮಾತೆಂದೇ ತಿಳಿದಿದ್ದರು.

ಊರವರಿಗೆಲ್ಲ ಹಿರೀಕರನ್ನು ಹುಡುಕಿಕೊಡುವ ಈ ಮನುಷ್ಯನಿಗೆ ತಮ್ಮ ಅಜ್ಜಿ ಮಾತ್ರ ಸಿಕ್ಕಿರಲಿಲ್ಲ. ಇದು ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು.

ಹೊರಗೆ ಹಿಮ ಬೀಳುತ್ತಿತ್ತು. ಆ ದಿನ ಮೇಜಿಗೆ ಯಾರೂ ಬಂದಿರಲಿಲ್ಲ. ತಮ್ಮ ಫೈಲಿನಿಂದ ಒಂದು ಮದುವೆಯ ಫೋಟೋ ತೆಗೆದು ನನ್ನ ಮುಂದಿಟ್ಟರು. ಕೋಟು ತೊಟ್ಟ ಗಂಡು ಕುರ್ಚಿಯ ಪಕ್ಕ ನಿಂತಿದ್ದಾನೆ. ಕುರ್ಚಿಯಲ್ಲಿ ಬಿಳಿ ಉಡುಪು ಕೂತಿದೆ. ಉಡುಪಿನ ಮೇಲೆ ಮುಖವಿರಬೇಕಾದ ಕಡೆ ಒಂದು ತೂತು.

"ನಮ್ಮಮ್ಮ ಕತ್ತರಿಯಿಂದ ತೆಗೆದದ್ದು. ಆಗ ಅವಳಿಗೆ ಹನ್ನೆರಡು ವರ್ಷವಂತೆ" ಎಂದರು.

ಅವರ ತಾಯಿಗೆ ನಾಲ್ಕು ವರ್ಷ, ತಾಯಿಯ ತಂಗಿಗೆ ಎರಡು ವರ್ಷ ಆಗಿದ್ದಾಗ ಅಜ್ಜಿ ಒಂದು ದಿನ ಮನೆ ಬಿಟ್ಟು ಹೋದಳು. ಅಜ್ಜ ಮಿಲ್ಲಿಗೆ ಹೋಗುತ್ತಿದ್ದ. ಮಕ್ಕಳನ್ನು ಬೆಳೆಸಿದವಳು ಅಜ್ಜನ ಅಕ್ಕ. ಆಕೆ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ನಿಮ್ಮಮ್ಮ ಯಾರದೋ ಜೊತೆ ಓಡಿಹೋದಳು, ಅವಳ ಹೆಸರು ಈ ಮನೆಯಲ್ಲಿ ಎತ್ತಬಾರದು. ಅಕ್ಕತಂಗಿಯರು ಎತ್ತಲಿಲ್ಲ. ಇವರ ತಾಯಿ ಆ ಕೋಪವನ್ನು ಹೊತ್ತುಕೊಂಡೇ ಕಣ್ಣು ಮುಚ್ಚಿದರು. ಉಳಿದಿದ್ದವರು ಚಿಕ್ಕಮ್ಮ ಒಬ್ಬರೇ. ತೊಂಬತ್ತೇಳು ವರ್ಷ, ನಾರ್ತ್ ಕ್ಯಾರೊಲಿನಾದಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಇದ್ದರು.

ಆ ಫೋಟೋ ಬಿಟ್ಟರೆ ಇವರ ಕೈಯಲ್ಲಿ ಅಜ್ಜಿಯದು ಅಂತ ಇದ್ದದ್ದು ತಮ್ಮ ತಾಯಿ ಹುಟ್ಟಿದಾಗಿನ ಅಮೆರಿಕದ ಜನನ ದಾಖಲೆ ಮಾತ್ರ. ಅದರಲ್ಲಿ ತಾಯಿಯ ಹೆಸರಿನ ಕಡೆ 'ಮೇರಿ ಫ್ಲವರ್' ಎಂದಿತ್ತು. ಫ್ರೆಂಚಿನಲ್ಲಿ ಹೂವಿಗೆ ಸೇರಿದ ಲಫ್ಲೂರ್ ಎಂಬ ಹೆಸರನ್ನು ಮಿಲ್ಲಿನ ಊರಿನ ಗುಮಾಸ್ತರು ಇಂಗ್ಲಿಷ್ ಮಾಡಿದ್ದಾರೆಂದು ಇವರು ಊಹಿಸಿದ್ದರು. ಆದರೆ ಲಫ್ಲೂರ್ ಎಂಬುದು ಹತ್ತಾರು ಬೇರೆಬೇರೆ ಮನೆತನಗಳ ಉರುಫ್. ಯಾವ ಮನೆತನ ಎಂದು ಗೊತ್ತಿಲ್ಲ. ಮರೀ ಎಂಬುದು ಹೆಸರೇ ಅಲ್ಲ. ಅಜ್ಜ ಅಜ್ಜಿಯ ಮದುವೆ ಯಾವ ಚರ್ಚಿನಲ್ಲಾಯಿತೋ, ಅದರ ದಾಖಲೆಯೂ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷ ಹುಡುಕಿದ್ದರು. ಓಡಿಹೋದವಳು ಇನ್ನೊಂದು ಮದುವೆಯಾಗಿರಬೇಕೆಂದು ಮದುವೆಯ ಪುಸ್ತಕಗಳನ್ನೆಲ್ಲ ಜಾಲಾಡಿದ್ದರು.

"ಅಡುಗೆಮನೆಯಿಂದ ಕೂಗೋ ಹೆಸರು ಯಾವುದಿತ್ತು ಇವರಿಗೆ?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ."

"ನಿಮ್ಮ ಚಿಕ್ಕಮ್ಮನ್ನ ಕೇಳಿದ್ರಾ?"

ಅವರು ಫೋಟೋವನ್ನು ಫೈಲಿಗೆ ಸೇರಿಸಿದರು. "ಮೂವತ್ತು ವರ್ಷದ ಹಿಂದೆ ಒಂದು ಸಲ ಕೇಳಿದೆ. ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ."

"ಈಗ ತೊಂಬತ್ತೇಳು. ಇನ್ನೆರಡು ವರ್ಷ ಮಾತು ಬಿಡೋಷ್ಟು ಟೈಮ್ ಅವರಿಗೂ ಇಲ್ಲ ಅಲ್ವಾ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನೇ ನೋಡಿದರು. ಆಮೇಲೆ ಹಿಮ ನೋಡಿದರು. ಮುಂದಿನ ಬುಧವಾರ ಮೇಜಿನ ಹತ್ತಿರ ನನಗಿಂತ ಮೊದಲೇ ಬಂದು ನಿಂತಿದ್ದರು.

"ಕೇಳಿದೆ. ಅವಳಿಗೆ ಕಿವಿ ಮಂದ, ನಾನು ಫೋನಿನಲ್ಲಿ ಕೇಳಿದ್ದನ್ನ ನರ್ಸು ಬರೆದು ತೋರಿಸಿದಳು. ಆಮೇಲೆ, 'ಅಪ್ಪ ಸಾಯೋ ಮೊದಲು ಜ್ವರದಲ್ಲಿ ಆಂಜೆಲಿಕ್, ಆಂಜೆಲಿಕ್ ಅಂತಿದ್ದ' ಅಂದಳು. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟಳು."

ಆಂಜೆಲಿಕ್ ಸಿಕ್ಕಳು. ಹದಿನೈದೇ ದಿನದಲ್ಲಿ. ಈ ಸಲ ಮದುವೆಯ ಪುಸ್ತಕದಲ್ಲಿ ಅಲ್ಲ, ಮಣ್ಣು ಮಾಡಿದವರ ಪುಸ್ತಕದಲ್ಲಿ. ಕೆಬೆಕ್ಕಿನ ಒಂದು ಹಳ್ಳಿಯ ಚರ್ಚು. 'ಆಂಜೆಲಿಕ್ ಪ್ವಾರಿಯೆ, ವಯಸ್ಸು ಇಪ್ಪತ್ತೆಂಟು, ಇಂಥವನ ಹೆಂಡತಿ.' ಆ ಇಂಥವನು ಇವರ ಅಜ್ಜನೇ. ಅದೇ ಚರ್ಚಿನ ನಾಮಕರಣದ ಪುಸ್ತಕದಲ್ಲಿ, ಮರೀ ಜೋಸೆಫೀನ್ ಆಂಜೆಲಿಕ್, ಪ್ವಾರಿಯೆ ದೀ ಲಫ್ಲೂರ್ ಅವರ ಮಗಳು. ಮನೆ ಬಿಟ್ಟು ಹೋದ ಏಳನೇ ತಿಂಗಳಿಗೆ ಸತ್ತಿದ್ದಳು.

ಆ ಪುಟವನ್ನು ನನಗೆ ತೋರಿಸಿದಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಓಡಿಹೋದವಳು ಅಪ್ಪನ ಮನೆಗೆ ಯಾಕೆ ಹೋದಳು? ಇನ್ನೊಬ್ಬನ ಜೊತೆ ಹೋಗಿದ್ದರೆ ಪಾದ್ರಿ ಇಂಥವನ ಹೆಂಡತಿ ಅಂತ ಯಾಕೆ ಬರೆದ?" ಎಂದು ಪೆನ್ಸಿಲಿನಿಂದ ಮೇಜನ್ನು ಕುಟ್ಟುತ್ತ ಕೇಳಿದರು. ಆ ಚರ್ಚಿಗೆ ಒಂದು ಈಮೇಲ್ ಬರೆದರು.

ಉತ್ತರ ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ, ಆಂಜೆಲಿಕ್‌ಳ ಅಣ್ಣನ ಮೊಮ್ಮಗಳಿಂದ. ಆಕೆ ಆ ಹಳ್ಳಿಯಲ್ಲೇ ಇದ್ದ ನಿವೃತ್ತ ಟೀಚರು. ಇವರ ಫ್ರೆಂಚ್ ಚಿಕ್ಕಂದಿನ ಅರೆಬರೆ ಫ್ರೆಂಚ್. ಆ ಕಾಗದವನ್ನು ನನಗೆ ತಡವರಿಸುತ್ತ ಇಂಗ್ಲಿಷಿನಲ್ಲಿ ಓದಿ ಹೇಳಿದರು. ಅವಳಿಗೆ ಕ್ಷಯ. ಅಣ್ಣನ ಮನೆಯ ಹಿಂದೆ, ಬೇಸಿಗೆಯಲ್ಲಿ ಮಾತ್ರ ಬಳಸುವ ಹೊರಗಿನ ಅಡುಗೆಮನೆಯಲ್ಲಿ ಒಬ್ಬಳೇ ಮಲಗುತ್ತಿದ್ದಳು. ಆ ಮನೆಯ ಮಕ್ಕಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಕಾಗದ ಬರೆದಳು, ಉತ್ತರ ಬರಲಿಲ್ಲ. ಸೋಂಕು ತಗಲುವುದೆಂದು ಆ ಕಡೆಯವರು ಸುಟ್ಟರೋ ಏನೋ. ಊಟ ಕೊಡಲು ಬರುವ ಅಣ್ಣನನ್ನು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: ಮಕ್ಕಳಿಗೆ ಹತ್ತಿಲ್ಲ ತಾನೆ?

ಕ್ಷಯವಿದ್ದ ಮನೆ ಎಂದರೆ ಮಿಲ್ಲಿನ ಊರಿನಲ್ಲಿ ನೆರೆಯವರು ಬಾಗಿಲು ಮುಚ್ಚುತ್ತಿದ್ದ ಕಾಲ. ಓಡಿಹೋದಳು ಎನ್ನುವುದು ಅಜ್ಜನ ಅಕ್ಕನಿಗೆ ಅದಕ್ಕಿಂತ ಹಗುರವಾಗಿ ಕಂಡಿರಬೇಕು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯಲ್ಲೂ ದೊಡ್ಡಪ್ಪನ ಕಾಯಿಲೆಯನ್ನು 'ನೆಗಡಿ' ಎಂದೇ ಹೇಳುತ್ತಿದ್ದರು.

ಇವರು ಅವತ್ತು ಸಾರು ಕುಡಿಯಲಿಲ್ಲ. "ಅಮ್ಮನಿಗೆ ಹೇಳೋಕಾಗಲಿಲ್ಲ. ಚಿಕ್ಕಮ್ಮನಿಗೆ ಹೇಳಬೇಕು, ಎದುರಿಗೆ ಕೂತು" ಎಂದರು. ಆದರೆ ಕಣ್ಣಿನ ಪೊರೆಯ ಆಪರೇಷನ್ ಬಾಕಿ ಇತ್ತು. ಹೈವೇಯಲ್ಲಿ ನಾಲ್ಕೈದು ಗಂಟೆ ಡ್ರೈವ್ ಮಾಡುವ ಹಾಗಿರಲಿಲ್ಲ. ಮಗಳು ಆ ತಿಂಗಳು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದರು.

ನನ್ನ ನಾದಿನಿ ಇರುವುದೂ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿ. ಮನೆಗೆ ಬಂದು ಗಂಡನಿಗೆ ಹೇಳಿದೆ. "ಶ್ರೀನಿ, ವೀಕೆಂಡ್ ನಿಮ್ಮ ತಂಗಿ ಮನೆಗೆ ಹೋಗೋಣ್ವಾ? ದಾರೀಲಿ ಅವರನ್ನ ಕರ್ಕೊಂಡು ಹೋಗ್ಬಹುದು."

"ಯಾರನ್ನ? ನಿನ್ನ ಬುಧವಾರದ ಅಜ್ಜನ್ನ? ಅವರಿಗೆ ನಮ್ಮ ಕಾರಲ್ಲಿ ಕಂಫರ್ಟಬಲ್ ಆಗಿರುತ್ತಾ?"

"ಸಾರು ಕುಡಿಯೋರು, ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕೋತಾರೆ."

ಹೀಗೆ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಅವರು ಮುಂದಿನ ಸೀಟಿನಲ್ಲಿ, ಹಿಂದೆ ನಾನು ಮತ್ತು ಒಂಬತ್ತು ವರ್ಷದ ಮಗಳು. ದಾರಿಯುದ್ದಕ್ಕೂ ಶ್ರೀನಿಗೆ ಯಾವ ಸೇತುವೆಯ ಕೆಳಗೆ ಯಾವ ಬಂಡೆ ಇದೆ ಎಂದು ಹೇಳುತ್ತಿದ್ದರು. ರಿಚ್ಮಂಡ್ ದಾಟಿದ ಮೇಲೆ ಮಾತು ನಿಂತಿತು. ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಅವರ ಗ್ರ್ಯಾಂಡ್‌ಮಾ ಕಿಡ್ಸ್‌ನ ಬಿಟ್ಟು ಹೋದ್ಲಾ? ಶಿ ಡಿಡಂಟ್ ಈವನ್ ಸೇ ಬೈ?" ಎಂದಳು. ಪಿಸುಮಾತು ಅವಳಿಗೆ ಬರುವುದಿಲ್ಲ. ಅವರು ಹಿಂದಕ್ಕೆ ತಿರುಗದೆಯೇ ಹೇಳಿದರು: "ಬೈ ಹೇಳೋಕೆ ಹತ್ತಿರ ಹೋಗಬೇಕಲ್ಲ ಮಗು. ಅವಳು ಹತ್ತಿರ ಹೋಗೋ ಹಾಗಿರಲಿಲ್ಲ."

ನರ್ಸಿಂಗ್ ಹೋಮಿನ ಹೊರಗೆ ಶ್ರೀನಿ ಮತ್ತು ಮಗಳು ಕಾರಿನಲ್ಲೇ ಉಳಿದರು. ಒಳಗೆ ನಾವಿಬ್ಬರೂ ಮಾಸ್ಕ್ ಹಾಕಿಕೊಂಡಿರಬೇಕಿತ್ತು. ಚಿಕ್ಕಮ್ಮನಿಗೆ ಕಿವಿ ಮಂದ. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವವರು. ಮಾಸ್ಕಿನ ಮೇಲೆ ತುಟಿಯೆಲ್ಲಿ? ಅಲ್ಲಿಯ ನರ್ಸು ಒಂದು ಪುಟ್ಟ ಬಿಳಿ ಬೋರ್ಡು ಮತ್ತು ಮಾರ್ಕರ್ ತಂದುಕೊಟ್ಟಳು.

ಅವರು ಬರೆಯಲು ನೋಡಿದರು. ಪೆನ್ನೇ ಮುಟ್ಟದ ಕೈಗೆ ಅದು ಒಗ್ಗಲಿಲ್ಲ. ಮಾರ್ಕರನ್ನು ನನಗೆ ಕೊಟ್ಟರು. "ನಾನು ಹೇಳ್ತೀನಿ, ನೀವು ಬರೀರಿ. ದೊಡ್ಡ ಅಕ್ಷರ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ ಗುಬ್ಬಿಯಷ್ಟೇ ಇದ್ದರು. ಕಣ್ಣು ಮಾತ್ರ ಚುರುಕು. "ಇವಳು ಯಾರು?" ಎಂದು ನನ್ನ ಕಡೆ ಗದ್ದ ಎತ್ತಿದರು. ಗೆಳತಿ ಎಂದು ಬರೆಸಿದರು. ಆಮೇಲೆ ಒಂದೊಂದೇ ವಾಕ್ಯ. ನಾನು ಬರೆದು ಹಿಡಿಯುತ್ತಿದ್ದೆ, ಚಿಕ್ಕಮ್ಮ ಜೋರಾಗಿ ಓದುತ್ತಿದ್ದರು, ನಾನು ಒರೆಸುತ್ತಿದ್ದೆ.

ನಿಮ್ಮಮ್ಮ ಸಿಕ್ಕಿದಳು.

"ನನಗೆ ಬೇಡ" ಎಂದರು ಚಿಕ್ಕಮ್ಮ. ಮುಖ ಕಿಟಕಿಗೆ ತಿರುಗಿಸಿದರು. ನಾನು ಬೋರ್ಡು ಕೆಳಗಿಳಿಸಲು ಹೋದೆ. ಅವರು ನನ್ನ ಮೊಣಕೈ ಹಿಡಿದು ತಡೆದರು. ಕೊನೆಗೆ ಆಕೆಯೇ ತಿರುಗಿದರು.

ಅವಳು ಓಡಿಹೋಗಲಿಲ್ಲ. ಅವಳಿಗೆ ಕ್ಷಯವಿತ್ತು.

ಚಿಕ್ಕಮ್ಮ ಇದನ್ನು ಎರಡು ಸಲ ಓದಿದರು.

ನಿಮಗೆ ಹತ್ತಬಾರದು ಎಂದು ತವರಿಗೆ ಹೋದಳು. ಏಳು ತಿಂಗಳಲ್ಲಿ ಸತ್ತಳು. ನಿಮಗೆ ಕಾಗದ ಬರೆಯುತ್ತಿದ್ದಳು.

"ನನಗೆ ಮೂರು ಹೆಣ್ಣುಮಕ್ಕಳು. ಒಬ್ಬಳಿಗೂ ಅವಳ ಹೆಸರು ಇಡಲಿಲ್ಲ" ಎಂದರು ಚಿಕ್ಕಮ್ಮ, ಬೋರ್ಡಿಗೇ ಹೇಳುವವರ ಹಾಗೆ. ಆಮೇಲೆ ಅಕ್ಕನ ಮಗನ ಕಡೆ ನೋಡಿ, "ಎಷ್ಟು ವಯಸ್ಸು ಆಗ ಅವಳಿಗೆ?" ಎಂದರು.

ನಾನು ಅಂಕಿಯಲ್ಲಿ ಬರೆದೆ: 28.

ಆ ಅಂಕಿಯನ್ನು ಆಕೆ ಬಹಳ ಹೊತ್ತು ನೋಡಿದರು. "ನನ್ನ ಮೊಮ್ಮಗಳಿಗಿಂತ ಚಿಕ್ಕವಳು" ಎಂದರು. "ಪಾಪ, ಮಗು."

ಕೆಬೆಕ್ಕಿನಿಂದ ಬಂದಿದ್ದ ಒಂದು ಫೋಟೋವನ್ನು ಅವರು ಜೇಬಿನಿಂದ ತೆಗೆದರು. ಮದುವೆಗೆ ಮುಂಚಿನ ಆಂಜೆಲಿಕ್, ಹದಿನಾರು ಹದಿನೇಳು ವರ್ಷದವಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ. ಅದು ಬಂದು ಒಂದು ತಿಂಗಳಾಗಿದ್ದರೂ ತಾವು ಸರಿಯಾಗಿ ನೋಡಿರಲಿಲ್ಲವಂತೆ. ಮೊದಲು ನೋಡಬೇಕಾದವಳು ಆಂಜೆಲಿಕ್‌ಳ ಮಗಳು ಎಂದು ಕವರಿನಲ್ಲೇ ಇಟ್ಟಿದ್ದರು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಬೋರ್ಡು ವಾಪಸು ತೆಗೆದುಕೊಳ್ಳಲು ಬಂದ ನರ್ಸಿಗೆ, "ಇವತ್ತು ಅದನ್ನ ಒರೆಸಬೇಡ" ಎಂದು ಚಿಕ್ಕಮ್ಮ ಗದರಿದ್ದು ಹೊರಗೆ ಕೇಳಿಸಿತು.

ಆ ಸಂಜೆ ಮಾರಿಸ್‌ವಿಲ್‌ನಲ್ಲಿ ನಾದಿನಿ ಚಪಾತಿ ಬಡಿಸುತ್ತ, "ಅಂಕಲ್, ಸಕ್ಸಸ್ ಆಯ್ತಾ ನಿಮ್ಮ ಕೆಲಸ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಳು. ಅವರು ಅರ್ಥವಾದವರಂತೆ ತಲೆಯಾಡಿಸಿ, ನಾಲ್ಕು ಚಪಾತಿ ತಿಂದು, ಕುಳಿತಲ್ಲೇ ನಿದ್ದೆ ಹೋದರು.

ಸೆಪ್ಟೆಂಬರಿನಲ್ಲಿ, ಕಣ್ಣಿನ ಆಪರೇಷನ್ ಆದ ಮೇಲೆ, ಮಗಳ ಜೊತೆ ಕೆಬೆಕ್ಕಿಗೆ ಹೋಗಿಬಂದರು. ಆ ವೇಳೆಗೆ ನನಗೆ ವರ್ಕ್ ಪರ್ಮಿಟ್ ಬಂದು, ಒಂದು ವಕೀಲರ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಲೈಬ್ರರಿಯಲ್ಲಿ ಅದು ನನ್ನ ಕೊನೆಯ ಬುಧವಾರ. ಪ್ರವಾಸ ಹೇಗಿತ್ತು ಎಂದು ಕೇಳಿದೆ.

ಸಮಾಧಿಯ ಮೇಲೆ ಕಲ್ಲು ಇರಲಿಲ್ಲವಂತೆ. ಚರ್ಚಿನವರ ನಕ್ಷೆ ನೋಡಿ, ಗೋಡೆಯಿಂದ ಹೆಜ್ಜೆ ಎಣಿಸಿ, ಜಾಗ ಗುರುತಿಸಿದ್ದರು. ಪಕ್ಕದಲ್ಲಿ ಮುಸುಕಿನ ಜೋಳದ ಹೊಲ, ಅದರಾಚೆ ನದಿ. ಅಲ್ಲಿಂದಲೇ ನರ್ಸಿಂಗ್ ಹೋಮಿಗೆ ಫೋನ್ ಮಾಡಿದರು. ಇವರು ಹೇಳಿದ್ದನ್ನು ನರ್ಸು ಬೋರ್ಡಿನ ಮೇಲೆ ಬರೆದು ತೋರಿಸಬೇಕು, ಚಿಕ್ಕಮ್ಮ ಫೋನಿನಲ್ಲಿ ಮಾತಾಡಬೇಕು. ಸುತ್ತ ಏನಿದೆ ಎಂದು ಚಿಕ್ಕಮ್ಮ ಕೇಳಿದರು. ಇವರು ಹೇಳಿದರು.

"ಆಮೇಲೆ?"

"ಆಮೇಲೆ, 'ಅವಳಿಗೆ ಒಂದು ಮಾತು ಹೇಳು' ಅಂದಳು. 'ನಮ್ಮಿಬ್ಬರಿಗೂ ಹತ್ತಲಿಲ್ಲ ಅಂತ ಹೇಳು.'"

ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಏನೂ ಬರೆಯದೆ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

"ಹೇಳಿದ್ರಾ?" ಎಂದು ಕೇಳಿದೆ.

"ಹೇಳಿದೆ. ಅಲ್ಲಿ ಯಾರೂ ಇರಲಿಲ್ಲ, ಜೋರಾಗಿಯೇ ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಆಮೇಲೆ ಅವಳಿಗೆ ಅರ್ಥವಾಗಬೇಕಲ್ಲ ಅಂತ ಫ್ರೆಂಚಿನಲ್ಲಿ ಇನ್ನೊಂದು ಸಲ ಹೇಳಿದೆ."